ಯೂನಿಫಾರ್ಮ್ ಬಿಚ್ಚದೇ ಖುರ್ಚಿ ಹತ್ತಿದ ಅಯೂಬ್ ಖಾನ್

1945ರ ಕೊನೆಗೆ ಬ್ರಿಟಿಷರ ಸೈನ್ಯದ ಒಂದು ಫ್ರಾಂಟಿಯರ್ ಬ್ರಿಗೇಡ್ ಬನ್ನೂನಲ್ಲಿತ್ತು, ಅಂದ್ರೆ ವಜೀರಿಸ್ತಾನದ ಕಡೆ, ಈಗಿನ ಪಾಕಿಸ್ತಾನದ ವಾಯವ್ಯ ಮೂಲೆ. ಅದಕ್ಕೆ ಕಮಾಂಡರ್ ಆಗಿ ಹೋದೋರು ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರು. ಅವರ ಕೈಕೆಳಗೆ ಒಬ್ಬ ಕರ್ನಲ್ ಇದ್ದ, ಆರಡಿ ಮೇಲಿನ ಆಳು, ದಪ್ಪ ಮೀಸೆ, ಹೆಸರು ಮೊಹಮ್ಮದ್ ಅಯೂಬ್ ಖಾನ್. ಇಬ್ಬರದ್ದೂ ಒಂದೇ ಸೈನ್ಯ, ಒಂದೇ ಶಿಸ್ತು, ಒಂದೇ ಥರದ ಮೆಸ್ಸು. ಆಮೇಲೆ ದೇಶ ಎರಡಾಯ್ತು. ಕಾರ್ಯಪ್ಪ 1949ರಲ್ಲಿ ಭಾರತದ ಮೊದಲ ಭಾರತೀಯ ಕಮಾಂಡರ್ ಇನ್ ಚೀಫ್ ಆದ್ರು, ಅಯೂಬ್ 1951ರಲ್ಲಿ ಪಾಕಿಸ್ತಾನದ ಮೊದಲ ಪಾಕಿಸ್ತಾನಿ ಕಮಾಂಡರ್ ಇನ್ ಚೀಫ್ ಆದ. ಇಲ್ಲೀವರೆಗೂ ಜೋಡಿ ಎತ್ತಿನ ಥರ ಸಮ ಸಮ. ಅಲ್ಲಿಂದ ಮುಂದೆ ಇವರು ರಿಟೈರ್ ಆಗಿ ಹೈಕಮಿಷನರ್ ಕೆಲಸಕ್ಕೆ ಅಂತ ಆಸ್ಟ್ರೇಲಿಯಾಗೆ ಹೋದ್ರು, ಅವನು ಹನ್ನೊಂದು ವರ್ಷ ಹತ್ತಿರ ಹತ್ತಿರ ದೇಶಾನೇ ಆಳ್ದ.

ಯಾಕೆ ಹೀಗಾಯ್ತು ಅಂತ ಕೇಳಿದ್ರೆ ನಮ್ಮಲ್ಲಿ ರೆಡಿ ಉತ್ತರ ಒಂದಿದೆ, ಅವರ ಜನರಲ್‌ಗಳು ಕೆಟ್ಟೋರು ನಮ್ಮ ಜನರಲ್‌ಗಳು ಒಳ್ಳೇವ್ರು ಅಂತ. ಕೇಳೋಕೆ ಖುಷಿಯಾಗುತ್ತೆ ಆದ್ರೆ ಏನೂ ಅರ್ಥ ಆಗಲ್ಲ. ಅಯೂಬ್ ಒಂದಿನ ಬೆಳಗ್ಗೆ ಎದ್ದು ಟ್ಯಾಂಕ್ ಹತ್ಕೊಂಡು ಬಂದು ಅಧಿಕಾರ ಕಿತ್ಕೊಂಡ ಅನ್ನೋ ಚಿತ್ರ ಇದ್ಯಲ್ಲ ಅದೇ ತಪ್ಪು. ಅವನಿಗೆ ಬಾಗಿಲು ತೆಗೆದಿದ್ದು ಸಿವಿಲ್ ಜನ, ಒಂದೊಂದೇ ಬಾಗಿಲು, ಒಂದೊಂದ್ಸಲ ಒಬ್ಬೊಬ್ರು, ಪ್ರತಿಯೊಬ್ಬರಿಗೂ ಆ ಹೊತ್ತಿಗೆ ತಮ್ಮ ಕೆಲಸ ಆದ್ರೆ ಸಾಕಿತ್ತು. ಕೊನೇ ಬಾಗಿಲಿಗೆ ಬರೋ ಹೊತ್ತಿಗೆ ತಳ್ಳೋ ಅಗತ್ಯಾನೇ ಇರ್ಲಿಲ್ಲ.

ಮೊದಲು ಮನುಷ್ಯನ ಪರಿಚಯ ಮಾಡ್ಕೊಳ್ಳೋಣ. 1907ರಲ್ಲಿ ಹಜಾರಾ ಜಿಲ್ಲೆಯ ಹರಿಪುರದ ಹತ್ರ ರೆಹಾನಾ ಅನ್ನೋ ಹಳ್ಳೀಲಿ ಹುಟ್ಟಿದ್ದು. ಅಪ್ಪ ಬ್ರಿಟಿಷರ ಹಾಡ್ಸನ್ಸ್ ಹಾರ್ಸ್ ಅನ್ನೋ ಕುದುರೆ ರೆಜಿಮೆಂಟಲ್ಲಿ ರಿಸಾಲ್ದಾರ್ ಮೇಜರ್, ಅಂದ್ರೆ ಆ ಕಾಲಕ್ಕೆ ದೇಶಿ ಸೈನಿಕ ಮುಟ್ಟಬಹುದಾದ ಹೆಚ್ಚುಕಮ್ಮಿ ಕೊನೇ ಮೆಟ್ಟಿಲು. ಮಗ ಅಲಿಗಢಕ್ಕೆ ಓದೋಕೆ ಹೋದ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್, 1928ರಲ್ಲಿ ಕಮಿಷನ್, ಎರಡನೇ ಮಹಾಯುದ್ಧದಲ್ಲಿ ಬರ್ಮಾ. ದೊಡ್ಡ ಯುದ್ಧವೀರ ಅಂತೇನೂ ಹೆಸರಿರ್ಲಿಲ್ಲ. ದೇಶ ವಿಭಜನೆ ಹೊತ್ತಲ್ಲಿ ಪಂಜಾಬ್ ಬೌಂಡರಿ ಫೋರ್ಸ್ ಜೊತೆ ಇದ್ದ, ಆ ಫೋರ್ಸು ಹತ್ಯಾಕಾಂಡ ತಡೆಯೋಕೆ ಆಗದೇ ಕೆಟ್ಟ ಹೆಸರು ತಗೊಂಡಿತ್ತು, ಆಮೇಲೆ ಅವನನ್ನ ಪೂರ್ವ ಪಾಕಿಸ್ತಾನದ, ಅಂದ್ರೆ ಈಗಿನ ಬಾಂಗ್ಲಾದೇಶದ, ಢಾಕಾಗೆ ಕಳಿಸಿದ್ರು, ಆಗ ಅದು ಸೈನ್ಯದ ಲೆಕ್ಕದಲ್ಲಿ ಮೂಲೆ ಪೋಸ್ಟಿಂಗು.

ಅಲ್ಲಿಂದ ಮೇಲಕ್ಕೆ ಬರೋಕೆ ಅದೃಷ್ಟಾನೂ ಕೈ ಹಿಡೀತು. ಮೊದಲ ಪಾಕಿಸ್ತಾನಿ ಸೇನಾ ಮುಖ್ಯಸ್ಥ ಆಗ್ಬೇಕಿದ್ದೋನು ಮೇಜರ್ ಜನರಲ್ ಇಫ್ತಿಕಾರ್ ಖಾನ್ ಅಂತ ಎಲ್ಲರೂ ಅಂದ್ಕೊಂಡಿದ್ರು, ಅವನು 1949ರ ಡಿಸೆಂಬರಲ್ಲಿ ವಿಮಾನ ಅಪಘಾತದಲ್ಲಿ ಸತ್ತೋದ. ಡಿಫೆನ್ಸ್ ಸೆಕ್ರೆಟರಿ ಆಗಿದ್ದ ಇಸ್ಕಂದರ್ ಮಿರ್ಜಾ ಅಯೂಬ್ ಹೆಸರು ಮುಂದಕ್ಕೆ ತಳ್ಳಿದ, ಈ ಮಿರ್ಜಾನ ಹೆಸರು ನೆನಪಿಟ್ಕೊಳ್ಳಿ, ಕಥೇಲಿ ಮತ್ತೆ ಬರ್ತಾನೆ. ಪ್ರಧಾನಿ ಲಿಯಾಕತ್ ಅಲಿ ಖಾನ್ ಒಪ್ಪಿದ್ರು. 1951ರ ಜನವರಿ 17ಕ್ಕೆ ಆವರೆಗೂ ಮುಖ್ಯಸ್ಥನಾಗಿದ್ದ ಬ್ರಿಟಿಷ್ ಜನರಲ್ ಗ್ರೇಸಿ ಕೈಯಿಂದ ಅಯೂಬ್ ಚಾರ್ಜ್ ತಗೊಂಡ. ಅದೇ ವರ್ಷ ಅಕ್ಟೋಬರ್ 16ಕ್ಕೆ ರಾವಲ್ಪಿಂಡಿಯ ಸಭೆಯೊಂದರಲ್ಲಿ ಲಿಯಾಕತ್‌ಗೆ ಗುಂಡು ಬಿತ್ತು. ಜಿನ್ನಾ ಮೂರು ವರ್ಷ ಮುಂಚೇನೇ ಹೋಗಿದ್ರು. ಹಂಗಾಗಿ ಹೊಸ ದೇಶಕ್ಕೆ ಇನ್ನೂ ಸಂವಿಧಾನ ಇಲ್ಲ, ಚುನಾವಣೆ ಇಲ್ಲ, ದೊಡ್ಡ ಲೀಡರ್ ಇಲ್ಲ, ಆದ್ರೆ ಸೈನ್ಯ ಮಾತ್ರ ದಿನದಿಂದ ದಿನಕ್ಕೆ ಗಟ್ಟಿಯಾಗ್ತಿದೆ, ಯಾಕಂದ್ರೆ ಕಾಶ್ಮೀರದ ಗಲಾಟೆ ಇದ್ದಿದ್ರಿಂದ ಮೊದಲ ವರ್ಷಗಳ ಬಜೆಟ್ಟಲ್ಲಿ ಅರ್ಧಕ್ಕಿಂತ ಹೆಚ್ಚು ದುಡ್ಡು ಡಿಫೆನ್ಸ್‌ಗೇ ಹೋಗ್ತಿತ್ತು.

ಈಗ ಬಾಗಿಲುಗಳ ವಿಷಯಕ್ಕೆ ಬರೋಣ.

1953ರ ಮಾರ್ಚಲ್ಲಿ ಲಾಹೋರಲ್ಲಿ ಅಹ್ಮದಿಯಾ ಅನ್ನೋ ಪಂಥದವರ ವಿರುದ್ಧ ದೊಂಬಿ ಎದ್ದಿತು, ಪೊಲೀಸರ ಕೈ ಮೀರಿತು, ಸರ್ಕಾರ ಆ ನಗರಕ್ಕೆ ಮಾರ್ಷಲ್ ಲಾ, ಅಂದ್ರೆ ಮಿಲಿಟರಿ ಆಡಳಿತ, ಹಾಕ್ತು. ಜನರಲ್ ಆಜಂ ಖಾನ್ ಬಂದು ದೊಂಬಿ ನಿಲ್ಲಿಸಿದ, ಅಷ್ಟಕ್ಕೇ ಸುಮ್ನಾಗಲಿಲ್ಲ, ಎರಡು ತಿಂಗಳ ಮೇಲೆ ಅಲ್ಲೇ ಇದ್ದು ಊರು ಗುಡಿಸೋ ಆಂದೋಲನಾನೂ ಮಾಡಿಸಿದ. ಜನ ನೋಡಿದ್ರು, ಅರೆ ಪರವಾಗಿಲ್ವೇ, ಮುನ್ಸಿಪಾಲ್ಟಿ ಕೈಲಿ ಆಗದ್ದು ಮಿಲಿಟರಿಯೋರು ಮಾಡಿದ್ರಲ್ಲ ಅಂತ. ಸೈನ್ಯಕ್ಕೂ ಅದೇ ಅನ್ನಿಸ್ತು, ಅಪಾಯ ಇದ್ದಿದ್ದು ಅಲ್ಲೇ.

ಅದರ ಮುಂದಿನ ತಿಂಗಳೇ, ಅಂದ್ರೆ ಏಪ್ರಿಲಲ್ಲಿ, ಪ್ರಧಾನಿಗಿಂತ ಮೇಲಿನ ಹುದ್ದೇಲಿದ್ದ ಗವರ್ನರ್ ಜನರಲ್ ಗುಲಾಮ್ ಮೊಹಮ್ಮದ್, ಬಜೆಟ್ ಪಾಸ್ ಮಾಡಿಸ್ಕೊಂಡಿದ್ದ ಪ್ರಧಾನಿ ನಾಜಿಮುದ್ದೀನರನ್ನ ಮನೆಗೆ ಕಳಿಸಿದ. ಈ ಗುಲಾಮ್ ಮೊಹಮ್ಮದ್ ಒಬ್ಬ ಅಕೌಂಟ್ಸ್ ಅಧಿಕಾರಿ, ಲಕ್ವ ಹೊಡೆದು ಮಾತು ತೊದಲ್ತಿತ್ತು, ಏನು ಹೇಳ್ತಾನೆ ಅಂತ ಅವನ ಸೆಕ್ರೆಟರಿ ವಿವರಿಸಿ ಹೇಳ್ಬೇಕಿತ್ತು, ಅಂಥೋನು 1954ರ ಅಕ್ಟೋಬರ್ 24ಕ್ಕೆ ಸಂವಿಧಾನ ಬರೀತಿದ್ದ ಸಭೇನೇ ವಿಸರ್ಜನೆ ಮಾಡ್ಬಿಟ್ಟ. ಇದಕ್ಕೆಲ್ಲ ಧೈರ್ಯ ಎಲ್ಲಿಂದ ಬಂತು ಅಂದ್ರೆ ಬೆನ್ನ ಹಿಂದೆ ಅಯೂಬ್ ಇದ್ದ. ಸಭೆ ವಿಸರ್ಜಿಸಿ ಹೊಸ ಮಂತ್ರಿಮಂಡಲ ಮಾಡಿದಾಗ ಅದರಲ್ಲಿ ಡಿಫೆನ್ಸ್ ಮಂತ್ರಿ ಯಾರು ಗೊತ್ತಾ, ಸೇನಾ ಮುಖ್ಯಸ್ಥ ಜನರಲ್ ಅಯೂಬ್ ಖಾನ್, ಆ ಹುದ್ದೆ ಬಿಡದೇನೇ! ಅಂದ್ರೆ ಸೇನಾ ಮುಖ್ಯಸ್ಥ ಒಂದು ಫೈಲ್ ಬರೆದು ಡಿಫೆನ್ಸ್ ಮಂತ್ರಿಗೆ ಕಳಿಸಿದ್ರೆ ಅದು ಅವನ ಟೇಬಲ್ಲಿಗೇ ವಾಪಸ್ ಬರ್ತಿತ್ತು. ಹತ್ತು ತಿಂಗಳು ಹಿಂಗೇ ನಡೀತು.

ಆ ಸಮಯದ ಒಂದು ರಾತ್ರಿ ಬಗ್ಗೆ ಅಯೂಬೇ ಆಮೇಲೆ ಬರ್ಕೊಂಡಿದ್ದಾನೆ. 1954ರ ಅಕ್ಟೋಬರ್ 4, ಅಮೆರಿಕಾಗೆ ಹೋಗೋ ದಾರೀಲಿ ಲಂಡನ್ನಿನ ಡಾರ್ಚೆಸ್ಟರ್ ಹೋಟೆಲಲ್ಲಿ ಇಳ್ಕೊಂಡಿದ್ದ, ನಿದ್ದೆ ಬರಲಿಲ್ಲ, ರೂಮಲ್ಲೇ ಆ ಕಡೆಯಿಂದ ಈ ಕಡೆ ಓಡಾಡಿ ಕೊನೆಗೆ ಕೂತು ದೇಶದ ಸಮಸ್ಯೆಗಳೇನು ಪರಿಹಾರ ಏನು ಅಂತ ಒಂದು ನೋಟ್ ಬರೆದ, ಯುದ್ಧಕ್ಕೆ ಮುಂಚೆ ಕಮಾಂಡರ್‌ಗಳು ಪರಿಸ್ಥಿತಿಯ ಅಂದಾಜು ಬರೀತಾರಲ್ಲ ಅದೇ ಧಾಟೀಲಿ. ಪಶ್ಚಿಮದ ಪ್ರಾಂತ್ಯಗಳನ್ನೆಲ್ಲ ಸೇರಿಸಿ ಒಂದೇ ಮಾಡ್ಬೇಕು, ಕಾರ್ಯಾಂಗ ಬಲವಾಗಿರ್ಬೇಕು, ಜನಕ್ಕೆ ಅರ್ಥ ಆಗೋವಂಥ ಡೆಮಾಕ್ರಸಿ ಕೊಡ್ಬೇಕು ಇತ್ಯಾದಿ. ಇದನ್ನ ಬರೆದಾಗ ಅವನಿನ್ನೂ ಮಂತ್ರೀನೂ ಆಗಿರ್ಲಿಲ್ಲ. ಸೇನಾ ಮುಖ್ಯಸ್ಥನೊಬ್ಬ ಹೋಟೆಲ್ ರೂಮಲ್ಲಿ ಕೂತು ತನ್ನ ದೇಶದ ಸಂವಿಧಾನದ ಬ್ಲೂಪ್ರಿಂಟ್ ಹಾಕ್ತಿದ್ದಾನೆ ಅಂದ್ರೆ ಆಸೆ ಎಷ್ಟು ಹಿಂದಿನದು ನೋಡಿ. 1958ರಲ್ಲಿ ದೇಶ ಹಾಳಾಗ್ತಿತ್ತು ಬೇರೆ ದಾರಿ ಇರ್ಲಿಲ್ಲ ಅಂತ ಅವನು ಹೇಳಿದ್ದನ್ನ ನಾನು ಪೂರ್ತಿ ನಂಬದೇ ಇರೋದು ಈ ಒಂದು ನೋಟ್‌ನಿಂದಾನೇ.

ಮೂರನೇ ಬಾಗಿಲು ಅಮೆರಿಕಾದ್ದು. 1954ರಲ್ಲಿ ಅಮೆರಿಕಾ ಜೊತೆ ಮಿಲಿಟರಿ ನೆರವಿನ ಒಪ್ಪಂದ, ಸೀಟೋ ಅನ್ನೋ ಕಮ್ಯುನಿಸ್ಟ್ ವಿರೋಧಿ ದೇಶಗಳ ಮಿಲಿಟರಿ ಕೂಟ, ಮರುವರ್ಷ ಅದೇ ಥರದ ಬಾಗ್ದಾದ್ ಒಪ್ಪಂದ. ಆಯುಧ ಬಂತು, ಟ್ರೈನಿಂಗ್ ಬಂತು, ದುಡ್ಡು ಬಂತು. ಪ್ರಧಾನಿಗಳು ಆರು ತಿಂಗಳಿಗೊಬ್ಬರು ವರ್ಷಕ್ಕೊಬ್ಬರು ಅಂತ ಬದಲಾಗ್ತಿದ್ದ ದೇಶದಲ್ಲಿ ವಾಷಿಂಗ್ಟನ್‌ನೋರಿಗೆ ಪ್ರತಿ ಸಲ ಹೋದಾಗಲೂ ಕೈ ಕುಲುಕೋಕೆ ಸಿಗ್ತಿದ್ದ ಒಂದೇ ಮುಖ ಅಯೂಬಂದು. ಅವನಿಗೆ ಎಕ್ಸ್‌ಟೆನ್ಷನ್ ಮೇಲೆ ಎಕ್ಸ್‌ಟೆನ್ಷನ್ ಕೊಟ್ಟಿದ್ದು ಕೂಡಾ ಸಿವಿಲ್ ಸರ್ಕಾರಗಳೇ.

1947ರಿಂದ 1958ರ ತನಕ ಹನ್ನೊಂದು ವರ್ಷಕ್ಕೆ ಏಳು ಜನ ಪ್ರಧಾನಿ. ಅದರಲ್ಲಿ ಚುಂದ್ರಿಗರ್ ಅನ್ನೋರು ಇದ್ದಿದ್ದು ಎರಡೇ ತಿಂಗಳು. ಅಂತೂ ಇಂತೂ 1956ರ ಮಾರ್ಚ್ 23ಕ್ಕೆ ಸಂವಿಧಾನ ಬಂತು, ಇಸ್ಕಂದರ್ ಮಿರ್ಜಾ ಪ್ರೆಸಿಡೆಂಟ್ ಆದ, 1959ರ ಶುರುವಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ಅಂತ ನಿಗದಿಯಾಯ್ತು. ಚುನಾವಣೆ ನಡೆದ್ರೆ ಮಿರ್ಜಾ ಮತ್ತೆ ಪ್ರೆಸಿಡೆಂಟ್ ಆಗೋದು ಡೌಟು. ಇತ್ತ 1958ರ ಸೆಪ್ಟೆಂಬರಲ್ಲಿ ಢಾಕಾ ಅಸೆಂಬ್ಲೀಲಿ ಹೊಡೆದಾಟ ಆಗಿ ಡೆಪ್ಯುಟಿ ಸ್ಪೀಕರ್ ಶಾಹೆದ್ ಅಲಿ ಪೆಟ್ಟು ತಿಂದು ಸತ್ತೇ ಹೋದ್ರು. ನೆಪ ಸಿಕ್ತು. ಅಕ್ಟೋಬರ್ 7ರ ರಾತ್ರಿ ಮಿರ್ಜಾ ಸಂವಿಧಾನ ರದ್ದು ಮಾಡಿ, ಅಸೆಂಬ್ಲಿಗಳನ್ನ ಪಾರ್ಟಿಗಳನ್ನ ಎಲ್ಲಾ ರದ್ದು ಮಾಡಿ ದೇಶಕ್ಕೇ ಮಾರ್ಷಲ್ ಲಾ ಹಾಕಿ ಅದಕ್ಕೆ ಅಯೂಬನನ್ನ ಮುಖ್ಯ ಆಡಳಿತಗಾರ ಅಂತ ಮಾಡಿದ. ಗಮನಿಸಿ, ದಂಗೆ ಘೋಷಿಸಿದ್ದು ರಾಷ್ಟ್ರಪತಿ. ತನ್ನ ಖುರ್ಚಿ ಉಳಿಸ್ಕೊಳ್ಳೋಕೆ ಹುಲೀನ ಮನೆಯೊಳಕ್ಕೆ ಕರ್ಕೊಂಡ, ಇಷ್ಟೇ.

ಆಮೇಲಿನ ಇಪ್ಪತ್ತು ದಿನ ಇದ್ಯಲ್ಲ ಇದನ್ನ ನಿಧಾನಕ್ಕೆ ನೋಡ್ಬೇಕು. ಒಂದು ಊರಿಗೆ ಇಬ್ಬರು ಗೌಡ್ರು ಆದಂಗಾಯ್ತು. ಮಿರ್ಜಾಗೆ ಭಯ ಶುರುವಾಯ್ತು, ಅಯೂಬನನ್ನ ಪ್ರಧಾನಿ ಮಾಡಿ ಮಂತ್ರಿಮಂಡಲದ ಹಗ್ಗದಲ್ಲಿ ಕಟ್ಟಿ ಹಾಕೋಣ ಅಂತ ನೋಡಿದ. ಅಕ್ಟೋಬರ್ 27ಕ್ಕೆ ಆ ಮಂತ್ರಿಮಂಡಲ ಪ್ರಮಾಣವಚನ ತಗೊಂಡಿತು. ಅದೇ ದಿನ ಸುಪ್ರೀಂ ಕೋರ್ಟಿಂದ ದೋಸ್ಸೋ ಕೇಸಿನ ತೀರ್ಪು ಬಂತು, ಮುಖ್ಯ ನ್ಯಾಯಮೂರ್ತಿ ಮುನೀರ್ ಬರೆದಿದ್ದು. ಅದರ ವಾದವನ್ನ ಹಳ್ಳಿ ಭಾಷೇಲಿ ಹೇಳೋದಾದ್ರೆ ಹಿಂಗೆ: ಹಳೇ ವ್ಯವಸ್ಥೆ ಕೆಡವಿ ಹೊಸದು ತಂದಿದ್ದೀರಾ, ಅದು ಗೆದ್ದು ನಿಂತಿದ್ಯಾ, ಜನ ಪಾಲಿಸ್ತಿದ್ದಾರಾ, ಹಂಗಾದ್ರೆ ಆ ಗೆಲುವೇ ಅದಕ್ಕೆ ಕಾನೂನು. ಸೋತ್ರೆ ದೇಶದ್ರೋಹ, ಗೆದ್ರೆ ಸಂವಿಧಾನ. ಕೆಲ್ಸನ್ ಅನ್ನೋ ಆಸ್ಟ್ರಿಯಾದ ಪಂಡಿತನ ಸಿದ್ಧಾಂತ ಎತ್ಕೊಂಡು ಬಂದು ಈ ತೀರ್ಮಾನಕ್ಕೆ ಊರುಗೋಲು ಕೊಟ್ಟಿದ್ರು. ಮಿರ್ಜಾಗೆ ಬೆಳಗ್ಗೆ ಇದು ಶುಭ ಸುದ್ದಿ, ತಾನು ಮಾಡಿದ್ದಕ್ಕೆ ಕೋರ್ಟಿನ ಸೀಲ್ ಬಿತ್ತಲ್ಲ ಅಂತ. ಅವತ್ತು ರಾತ್ರೀನೇ ಜನರಲ್ ಬರ್ಕಿ, ಜನರಲ್ ಆಜಂ, ಜನರಲ್ ಶೇಖ್ ಮೂರು ಜನ ಪ್ರೆಸಿಡೆಂಟ್ ಮನೆಗೆ ಹೋಗಿ ಅವನನ್ನ ಎಬ್ಬಿಸಿ ರಾಜೀನಾಮೆಗೆ ಸಹಿ ಹಾಕಿಸ್ಕೊಂಡ್ರು. ಆ ತೀರ್ಪು ಈಗ ಅವನ ಮೇಲೂ ಅನ್ವಯ ಆಯ್ತು ನೋಡಿ, ಗೆದ್ದೋನೇ ಕಾನೂನು. ಮಿರ್ಜಾನನ್ನ ಕ್ವೆಟ್ಟಾಗೆ ಸಾಗಿಸಿ ಅಲ್ಲಿಂದ ಲಂಡನ್ನಿಗೆ ಕಳಿಸಿಬಿಟ್ರು, 1969ರಲ್ಲಿ ಅಲ್ಲೇ ತೀರ್ಕೊಂಡ, ಹೂಳೋಕೂ ಪಾಕಿಸ್ತಾನದ ಮಣ್ಣು ಸಿಗಲಿಲ್ಲ, ಹೆಂಡ್ತಿ ಇರಾನಿನವಳು, ಟೆಹ್ರಾನಲ್ಲಿ ಮಣ್ಣಾದ.

ಜನ ಏನು ಮಾಡಿದ್ರು? ಖುಷಿಪಟ್ರು, ಇದನ್ನ ಮುಚ್ಚಿಡೋದು ಬೇಡ. ಅಂಗಡಿಯೋರು ಹೆದರಿ ರೇಟ್ ಇಳಿಸಿದ್ರು, ಬಚ್ಚಿಟ್ಟ ಮಾಲು ಹೊರಗೆ ಬಂತು, ಆಫೀಸುಗಳಲ್ಲಿ ಗುಮಾಸ್ತರು ಟೈಮಿಗೆ ಬಂದು ಕೂತ್ರು. ರಾಜಕಾರಣಿಗಳ ಕಿತ್ತಾಟ ನೋಡಿ ಬೇಸತ್ತಿದ್ದ ಜನಕ್ಕೆ ಇಷ್ಟು ಸಾಕಿತ್ತು. ನಮ್ಮಲ್ಲೂ ಟ್ರಾಫಿಕ್ ಜಾಮಲ್ಲಿ ಸಿಕ್ಕಾಕೊಂಡಾಗ ಈ ದೇಶಕ್ಕೆ ಐದು ವರ್ಷ ಮಿಲಿಟರಿ ಆಡಳಿತ ಬರ್ಬೇಕು ಕಣ್ರೀ ಅನ್ನೋರು ಎಷ್ಟು ಜನ ಇದ್ದಾರೆ, ಆ ಮನಸ್ಥಿತೀನೇ ಅದು.

ಇನ್ನು ಅಸಲಿ ತಲೆನೋವು. ಬಂದೂಕಿಂದ ಖುರ್ಚಿ ಹತ್ತಬಹುದು, ಆದ್ರೆ ಹತ್ತಿ ಕೂತ ಮೇಲೆ ನೀನು ಯಾರಪ್ಪ, ನಿನಗೆ ಯಾರು ಹಕ್ಕು ಕೊಟ್ರು ಅನ್ನೋ ಪ್ರಶ್ನೆ ಬರುತ್ತೆ. ಮಾರ್ಷಲ್ ಲಾ ಎಷ್ಟು ದಿನ ಅಂತ ಎಳೆಯೋದು. ಅಯೂಬ್ ಇಲ್ಲಿಂದ ಮುಂದೆ ಜನರಲ್ ಕೆಲಸ ಬಿಟ್ಟು ರಾಜಕಾರಣಿ ಕೆಲಸ ಶುರು ಮಾಡಿದ, ಹಾಗಂತ ಒಪ್ಪಿಕೊಳ್ಳಲಿಲ್ಲ ಅಷ್ಟೇ.

ಮೊದಲು ಎದುರಾಳಿಗಳನ್ನ ಆಟದಿಂದ ಹೊರಗಿಟ್ಟ. 1959ರಲ್ಲಿ ಎಬ್ಡೋ ಅಂತ ಒಂದು ಆದೇಶ, ಹಳೇ ರಾಜಕಾರಣಿಗಳ ಮೇಲೆ ದುರಾಡಳಿತದ ಆರೋಪ ಹೊರಿಸಿ ಎರಡು ಆಯ್ಕೆ ಕೊಡೋದು, ಒಂದೋ ಟ್ರಿಬ್ಯುನಲ್ ಮುಂದೆ ವಿಚಾರಣೆ ಎದುರಿಸು, ಇಲ್ಲಾ 1966ರ ಕೊನೇವರೆಗೂ ರಾಜಕೀಯ ಬಿಟ್ಟು ಮನೇಲಿರು. ಬಹಳ ಜನ ಮನೇಲಿದ್ರು. ಮಾಜಿ ಪ್ರಧಾನಿ ಸುಹ್ರವರ್ದಿ ಹೋರಾಡಿದ್ರು, ಅವರನ್ನೂ ಅನರ್ಹ ಮಾಡಿದ್ರು.

ಆಮೇಲೆ ಬಂದಿದ್ದು ಅವನ ಮಾಸ್ಟರ್ ಪ್ಲ್ಯಾನು, ಬೇಸಿಕ್ ಡೆಮಾಕ್ರಸಿ. ಇದು ಸ್ವಲ್ಪ ಗೋಜಲು, ಹಂಗಾಗಿ ನಮ್ಮ ಲೆಕ್ಕದಲ್ಲೇ ಹೇಳ್ತೀನಿ. ಸಾವಿರ ಚಿಲ್ಲರೆ ಜನರಿಗೆ ಒಬ್ಬ ಮೆಂಬರ್‌ನ ಜನಾನೇ ಓಟ್ ಹಾಕಿ ಆರಿಸ್ತಾರೆ, ನಮ್ಮ ಗ್ರಾಮ ಪಂಚಾಯ್ತಿ ಮೆಂಬರ್ ಥರ. ಇಂಥ ಹತ್ತು ಹದಿನೈದು ಮೆಂಬರ್ ಸೇರಿ ಒಂದು ಯೂನಿಯನ್ ಕೌನ್ಸಿಲ್. ಅದರ ಮೇಲೆ ತಾಲ್ಲೂಕು, ಜಿಲ್ಲೆ, ಡಿವಿಜನ್ ಅಂತ ಮೆಟ್ಟಿಲು, ಮೇಲೆ ಹೋದಂಗೆಲ್ಲ ತಹಸೀಲ್ದಾರ್, ಡಿಸಿ, ಕಮಿಷನರ್ ಇಂಥ ಅಧಿಕಾರಿಗಳೇ ಅಧ್ಯಕ್ಷರು. ಪೂರ್ವ ಪಾಕಿಸ್ತಾನಕ್ಕೆ 40,000 ಪಶ್ಚಿಮಕ್ಕೆ 40,000, ಒಟ್ಟು 80,000 ಮೆಂಬರ್‌ಗಳು. ಇಲ್ಲೀವರೆಗೆ ಕೇಳಿದ್ರೆ ಒಳ್ಳೇ ಪಂಚಾಯತ್ ರಾಜ್ ಅನ್ಸುತ್ತೆ. ಕಿಡಿಗೇಡಿತನ ಇರೋದು ಮುಂದೆ: ರಾಷ್ಟ್ರಪತೀನ ಆರಿಸೋದು, ಪಾರ್ಲಿಮೆಂಟಿನವರನ್ನ ಆರಿಸೋದು ಎಲ್ಲಾ ಈ 80,000 ಜನ ಮಾತ್ರ. ಹತ್ತು ಕೋಟಿ ಜನಸಂಖ್ಯೆಯ ದೇಶದಲ್ಲಿ ಸಾಮಾನ್ಯನ ಓಟು ಯೂನಿಯನ್ ಕೌನ್ಸಿಲ್ ಬಾಗಿಲಲ್ಲೇ ನಿಂತೋಯ್ತು. ನಮ್ಮಲ್ಲಿ ವಿಧಾನ ಪರಿಷತ್ತಿಗೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಎಲೆಕ್ಷನ್ ಆಗುತ್ತಲ್ಲ, ಪಂಚಾಯ್ತಿ ಮೆಂಬರ್‌ಗಳು ಓಟ್ ಹಾಕ್ತಾರಲ್ಲ, ಆಗ ಮೆಂಬರ್‌ಗಳಿಗೆ ಏನೇನು ಉಪಚಾರ ನಡೆಯುತ್ತೆ ಅಂತ ಗೊತ್ತಿರೋರಿಗೆ ನಾನು ಹೆಚ್ಚು ವಿವರಿಸೋದು ಬೇಡ. ದೇಶದ ರಾಷ್ಟ್ರಪತೀನೇ ಹಂಗೆ ಆರಿಸಿದ್ರೆ ಅಂತ ಊಹಿಸ್ಕೊಳ್ಳಿ, ಅದೂ ಆ ಮೆಂಬರ್‌ಗೆ ರಸ್ತೆ ಚರಂಡಿ ಕಾಮಗಾರಿ ದುಡ್ಡು ಬರೋದು ಡಿಸಿ ಕೈಯಿಂದ, ಡಿಸಿ ಇರೋದು ರಾಷ್ಟ್ರಪತಿ ಕೈಯಲ್ಲಿ ಅಂದಾಗ.

1960ರ ಫೆಬ್ರವರಿ 14ಕ್ಕೆ ಈ 80,000 ಜನರ ಮುಂದೆ ಒಂದೇ ಪ್ರಶ್ನೆ ಇಟ್ರು, ಅಯೂಬ್ ಮೇಲೆ ನಿಮಗೆ ವಿಶ್ವಾಸ ಇದ್ಯಾ ಇಲ್ವಾ. ಎದುರಿಗೆ ಬೇರೆ ಅಭ್ಯರ್ಥಿ ಇಲ್ಲ. ಶೇ 95.6 ಹೌದು. ಅಷ್ಟೊತ್ತಿಗೆ ಜನರಲ್ ಹೋಗಿ ಫೀಲ್ಡ್ ಮಾರ್ಷಲ್ ಆಗಿದ್ದ, ಅವನದ್ದೇ ಸರ್ಕಾರ ಕೊಟ್ಟ ಪದವಿ.

1962ರಲ್ಲಿ ಹೊಸ ಸಂವಿಧಾನ ಬಂತು. ನಮ್ಮ ಸಂವಿಧಾನದ ಪೀಠಿಕೆ ಶಾಲೇಲಿ ಓದಿದ್ದೀವಲ್ಲ, "ಭಾರತದ ಜನತೆಯಾದ ನಾವು" ಅಂತ ಶುರುವಾಗುತ್ತೆ. ಅವನ ಸಂವಿಧಾನದ ಪೀಠಿಕೇಲಿ ಇದನ್ನ ಜಾರಿಗೆ ತರ್ತಿರೋದು ಯಾರು ಅಂದ್ರೆ, ನಾನು, ಫೀಲ್ಡ್ ಮಾರ್ಷಲ್ ಮೊಹಮ್ಮದ್ ಅಯೂಬ್ ಖಾನ್ ಅಂತ, ಪದಕಗಳ ಹೆಸರು ಸಮೇತ! ನನಗೆ ಈ ಇಡೀ ಇತಿಹಾಸದಲ್ಲಿ ಯಾವುದಾದ್ರೂ ಒಂದು ಸಾಲು ಇಟ್ಕೋ ಅಂದ್ರೆ ಇದನ್ನೇ ಇಟ್ಕೋತೀನಿ. ಆ ಸಂವಿಧಾನವನ್ನ ಆಗಿನ ಜನ ಲಯಾಲ್‌ಪುರದ (ಈಗಿನ ಫೈಸಲಾಬಾದ್) ಗಡಿಯಾರ ಗೋಪುರಕ್ಕೆ ಹೋಲಿಸ್ತಿದ್ರು, ಆ ಊರಲ್ಲಿ ಎಂಟು ಬಜಾರ್ ರಸ್ತೆಗಳೂ ಬಂದು ಸೇರೋದು ಆ ಗೋಪುರಕ್ಕೇ, ಯಾವ ಕಲಮು ಹಿಡ್ಕೊಂಡು ನಡೆದ್ರೂ ಕೊನೆಗೆ ಸಿಗೋದು ಪ್ರೆಸಿಡೆಂಟೇ.

ಪಾರ್ಟಿಗಳಂದ್ರೆ ಅಸಹ್ಯ ಅಂತಿದ್ದೋನು ಒಂದು ವರ್ಷದೊಳಗೆ ತಾನೇ ಪಾರ್ಟಿ ಸೇರಿದ, ಮುಸ್ಲಿಂ ಲೀಗನ್ನ ಒಡೆದು ಮಾಡಿದ ಕನ್ವೆನ್ಷನ್ ಮುಸ್ಲಿಂ ಲೀಗು. ಪಾರ್ಲಿಮೆಂಟ್ ಅಂತ ಒಂದಿದ್ರೆ ಗುಂಪು ಬೇಕು, ಗುಂಪು ಇದ್ರೆ ಟಿಕೆಟ್ಟು ಪರ್ಮಿಟ್ಟು ಲೈಸೆನ್ಸು ಹಂಚ್ಬೇಕು, ಹಂಚೋಕೆ ಶುರು ಮಾಡಿದ್ರೆ ಅದೇ ಹಳೇ ರಾಜಕೀಯ.

ಹಾಗಂತ ಅವನು ಏನೂ ಮಾಡಲಿಲ್ಲ ಅಂತಲ್ಲ, ಅದನ್ನೂ ಹೇಳ್ಬೇಕು. 1960ರಲ್ಲಿ ಕರಾಚೀಲಿ ನೆಹರು ಜೊತೆ ಸಿಂಧೂ ನದಿ ನೀರಿನ ಒಪ್ಪಂದಕ್ಕೆ ಸಹಿ ಹಾಕಿದ. ರಾಜಧಾನೀನ ಕರಾಚಿಯಿಂದ ತಗೊಂಡು ಇಸ್ಲಾಮಾಬಾದ್ ಅಂತ ಹೊಸ ಊರೇ ಕಟ್ಟಿಸಿದ, ಸೈನ್ಯದ ಹೆಡ್‌ಕ್ವಾರ್ಟರ್ಸ್ ಇರೋ ರಾವಲ್ಪಿಂಡಿ ಪಕ್ಕದಲ್ಲೇ ಅನ್ನೋದು ಕಾಕತಾಳೀಯ ಅಲ್ಲ. 1961ರ ಕುಟುಂಬ ಕಾನೂನಿನಲ್ಲಿ ಮದುವೆ ನೋಂದಣಿ ಕಡ್ಡಾಯ ಮಾಡಿದ, ಎರಡನೇ ಮದುವೆಗೆ ಕೌನ್ಸಿಲ್ ಅನುಮತಿ ಬೇಕು ಅಂದ, ಮೌಲ್ವಿಗಳು ಕೂಗಾಡಿದ್ರೂ ಬಗ್ಗಲಿಲ್ಲ. ಮಂಗ್ಲಾ ಡ್ಯಾಂ ಆಯ್ತು, ಗೋಧಿ ಬೆಳೆ ಏರ್ತು, 1960ರ ದಶಕದ ಮೊದಲರ್ಧದಲ್ಲಿ ಆರ್ಥಿಕತೆ ವರ್ಷಕ್ಕೆ ಶೇ 5ರ ಮೇಲೇ ಬೆಳೀತು, ಹೊರದೇಶದ ಪಂಡಿತರು ಪಾಕಿಸ್ತಾನ ನೋಡಿ ಕಲೀರಿ ಅಂತಿದ್ದ ಕಾಲ ಅದು. ಆದ್ರೆ ಹುಟ್ಟಿದ ಬೆಣ್ಣೆ ಯಾರ ಮನೆ ಗಡಿಗೆಗೆ ಹೋಯ್ತು ಅಂತ 1968ರಲ್ಲಿ ಅವನದ್ದೇ ಯೋಜನಾ ಆಯೋಗದ ಮಹಬೂಬ್ ಉಲ್ ಹಕ್ ಹೇಳಿಬಿಟ್ರು: 22 ಕುಟುಂಬಗಳ ಕೈಲಿ ದೇಶದ ಕೈಗಾರಿಕಾ ಆಸ್ತಿಯ ಮೂರನೇ ಎರಡು ಭಾಗ, ಬ್ಯಾಂಕು ಇನ್ಶೂರೆನ್ಸಲ್ಲಂತೂ ಇನ್ನೂ ಹೆಚ್ಚು. ಅಷ್ಟೊತ್ತಿಗೆ ಅಯೂಬನ ಮಗ ಗೌಹರ್ ಕೂಡಾ ಸೈನ್ಯ ಬಿಟ್ಟು ಗಾಂಧಾರ ಅನ್ನೋ ಮೋಟಾರ್ ಕಂಪನಿಯ ಮಾಲೀಕರಲ್ಲಿ ಒಬ್ಬನಾಗಿದ್ದ, ಬೀದೀಲಿ ಅದೇ ಮಾತು.

1965ರ ಜನವರಿ 2ರ ಚುನಾವಣೆ ಅವನು ಎದುರಿಸಿದ ಮೊದಲ ಮತ್ತು ಕೊನೇ ನಿಜವಾದ ಸ್ಪರ್ಧೆ. ವಿರೋಧ ಪಕ್ಷಗಳು ಎಲ್ಲಾ ಸೇರಿ ಯಾರನ್ನ ನಿಲ್ಲಿಸಿದ್ರು ಅಂದ್ರೆ ಜಿನ್ನಾ ಅವರ ತಂಗಿ ಫಾತಿಮಾ ಜಿನ್ನಾ, 71 ವರ್ಷದ ಅಜ್ಜಿ, ವೃತ್ತಿಯಿಂದ ಹಲ್ಲಿನ ಡಾಕ್ಟ್ರು. ಅವರ ಚಿಹ್ನೆ ಲಾಂದ್ರ, ಅಯೂಬಂದು ಗುಲಾಬಿ. ಹೆಂಗಸು ದೇಶದ ಮುಖ್ಯಸ್ಥೆ ಆಗಬಹುದಾ ಅಂತ ಆಧುನಿಕ ವಿಚಾರದ ಫೀಲ್ಡ್ ಮಾರ್ಷಲ್ ಕಡೆಯೋರು ಮೌಲ್ವಿಗಳ ಕೈಲಿ ಫತ್ವಾ ಹಾಕಿಸಿದ್ರೆ, ಅತ್ತ ಕಟ್ಟಾ ಸಂಪ್ರದಾಯದ ಜಮಾತೆ ಇಸ್ಲಾಮಿ ಹೆಂಗಸಿಗೆ ಬೆಂಬಲ ಕೊಟ್ಟಿತು! ರಾಜಕೀಯ ಅಂದ್ರೆ ಹಿಂಗೇ. ಪೂರ್ವ ಪಾಕಿಸ್ತಾನದಲ್ಲಿ ಅವರ ರೈಲು ಹೋದ ಕಡೆಯೆಲ್ಲ ಜನ ಹಳಿ ಪಕ್ಕ ರಾತ್ರಿಯಿಡೀ ಕಾದು ಕೂತಿದ್ರು, ರೈಲು ಗಂಟೆಗಟ್ಟಲೆ ಲೇಟು. ಆದ್ರೆ ಹಳಿ ಪಕ್ಕ ಕೂತೋರಿಗೆ ಓಟ್ ಇರ್ಲಿಲ್ಲ. ಓಟಿದ್ದ 80,000 ಜನರಲ್ಲಿ ಅಯೂಬ್‌ಗೆ 49,951, ಫಾತಿಮಾ ಅವರಿಗೆ 28,691. ಅಷ್ಟೆಲ್ಲ ಕಟ್ಟುಪಾಡು ಮಾಡಿದ್ರೂ ಕರಾಚಿ ಮತ್ತೆ ಢಾಕಾ ಎರಡೂ ಕಡೆ ಅವರೇ ಗೆದ್ರು. ಗೆದ್ದ ಖುಷೀಲಿ ಗೌಹರ್ ಕರಾಚೀಲಿ ಮೆರವಣಿಗೆ ತೆಗೆದ, ಅದು ಗಲಭೆಯಾಗಿ ಜನ ಸತ್ರು.

ಅದೇ ವರ್ಷ ಯುದ್ಧ. ವಿದೇಶಾಂಗ ಮಂತ್ರಿ ಭುಟ್ಟೋ ಮತ್ತವನ ಕಡೆಯೋರ ಲೆಕ್ಕಾಚಾರ ಏನಪ್ಪಾ ಅಂದ್ರೆ ಕಾಶ್ಮೀರಕ್ಕೆ ನುಸುಳುಕೋರರನ್ನ ಕಳಿಸಿದ್ರೆ ಅಲ್ಲಿನ ಜನ ಎದ್ದು ಬರ್ತಾರೆ, ಭಾರತ ಅಂತಾರಾಷ್ಟ್ರೀಯ ಗಡಿ ದಾಟಲ್ಲ ಅಂತ. ಜನ ಏಳಲಿಲ್ಲ, ಸೆಪ್ಟೆಂಬರ್ 6ಕ್ಕೆ ಭಾರತದ ಸೈನ್ಯ ಲಾಹೋರ್ ಕಡೆ ಗಡಿ ದಾಟಿತು. ಈ ಯುದ್ಧದ ಕೊನೇ ದಿನಗಳಲ್ಲಿ, ಸೆಪ್ಟೆಂಬರ್ 22ಕ್ಕೆ, ಪಾಕಿಸ್ತಾನದ ನೆಲದಲ್ಲಿ ಬಿದ್ದ ಒಂದು ಹಂಟರ್ ವಿಮಾನದ ಪೈಲಟ್ ಹೆಸರು ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ. ಹೌದು, ಬನ್ನೂ ಬ್ರಿಗೇಡಿನ ಆ ಹಳೇ ಬಾಸ್‌ನ ಮಗ. ಅಯೂಬ್ ಗೆ ಗೊತ್ತಾಗಿ, ಬೇಕಿದ್ರೆ ಬಿಟ್ಟು ಕಳಿಸ್ತೀನಿ ಅಂತ ಹೇಳಿ ಕಳಿಸಿದ ಅಂತಲೂ, ಅಲ್ಲಿರೋ ಸೈನಿಕರೆಲ್ಲ ನನ್ನ ಮಕ್ಕಳೇ, ಇವನೊಬ್ಬನಿಗೆ ಬೇರೆ ಉಪಚಾರ ಬೇಡ ಅಂತ ಕಾರ್ಯಪ್ಪನವರು ಉತ್ತರ ಕೊಟ್ರು ಅಂತಲೂ ಕೊಡಗಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಮಗ ಉಳಿದೋರ ಜೊತೇಲೇ ವಾಪಸ್ ಬಂದ್ರು, ಮುಂದೆ ಏರ್ ಮಾರ್ಷಲ್ ಆದ್ರು.

ಯುದ್ಧದಿಂದ ಅಯೂಬ್‌ಗೆ ಎರಡು ಕಡೆ ಹೊಡೆತ ಬಿತ್ತು. ಪಶ್ಚಿಮದ ಜನಕ್ಕೆ ರೇಡಿಯೋದಲ್ಲಿ ಗೆದ್ದೆವು ಗೆದ್ದೆವು ಅಂತ ಹೇಳಿಟ್ಟಿದ್ರು, 1966ರ ಜನವರಿ 10ಕ್ಕೆ ತಾಷ್ಕೆಂಟಲ್ಲಿ ಭಾರತದ ಜೊತೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ ಹಿಂದಕ್ಕೆ ಬರ್ತೀವಿ ಅಂದಾಗ ಹಂಗಾದ್ರೆ ಗೆದ್ದಿದ್ದು ಏನು ಅಂತ ಕೇಳಿದ್ರು. ಅವತ್ತು ರಾತ್ರೀನೇ ಅಲ್ಲೇ ನಮ್ಮ ಪ್ರಧಾನಿ ಶಾಸ್ತ್ರಿಯವರು ತೀರ್ಕೊಂಡ್ರು, ಬೆಳಗ್ಗೆ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟೋರಲ್ಲಿ ಅಯೂಬೂ ಇದ್ದ. ಭುಟ್ಟೋ ಆರು ತಿಂಗಳಿಗೆ ಹೊರಗೆ ಬಂದು ತಾಷ್ಕೆಂಟಲ್ಲಿ ದೇಶ ಮಾರಿದ್ರು ಅಂತ ಭಾಷಣ ಶುರು ಮಾಡ್ದ. ಯುದ್ಧದ ಸಲಹೆ ಕೊಟ್ಟೋನು ತಾನೇ ಅನ್ನೋದು ಮರೆತೇ ಹೋಗಿತ್ತು ಅನ್ಸುತ್ತೆ.

ಎರಡನೇ ಹೊಡೆತ ಪೂರ್ವದ್ದು, ಅದು ಇನ್ನೂ ಆಳದ್ದು. ದೇಶದ ಅರ್ಧಕ್ಕಿಂತ ಹೆಚ್ಚು ಜನ ಬಂಗಾಳಿಗಳು, ಆದ್ರೆ ಸೈನ್ಯದ ಅಧಿಕಾರಿಗಳಲ್ಲಿ ಅವರು ಶೇ 5ರ ಆಸುಪಾಸು. ಬ್ರಿಟಿಷರು ಪಂಜಾಬು ಗಡಿಪ್ರಾಂತ್ಯದೋರನ್ನ ಸೈನಿಕ ಜನಾಂಗ ಅಂತ ತುಂಬಿಸ್ಕೊಂಡಿದ್ದು ಹಾಗೇ ಮುಂದುವರೆದಿತ್ತು. ಈಗ ಲೆಕ್ಕ ಹಾಕಿ: ಪಾರ್ಲಿಮೆಂಟ್ ಆಳಿದ್ರೆ ಬಂಗಾಳಿಗಳಿಗೆ ಮೆಜಾರಿಟಿ, ಸೈನ್ಯ ಆಳಿದ್ರೆ ಬಂಗಾಳಿಗಳು ಲೆಕ್ಕಕ್ಕೇ ಇಲ್ಲ. ಜನರಲ್ ರಾಜಕೀಯಕ್ಕೆ ಬಂದಿದ್ದರ ನಿಜವಾದ ಬೆಲೆ ಇದು, ಅರ್ಧ ದೇಶ ಆಟದಿಂದಾನೇ ಹೊರಗೆ. ಯುದ್ಧದಲ್ಲೂ ಪೂರ್ವಕ್ಕೆ ಇದ್ದಿದ್ದು ಒಂದೇ ಡಿವಿಜನ್ ಸೈನ್ಯ, ಭಾರತ ನುಗ್ಗಿದ್ರೆ ದೇವರೇ ಗತಿ ಅಂತ ಅಲ್ಲಿನವ್ರಿಗೆ ಗೊತ್ತಾಗೋಯ್ತು. 1966ರ ಫೆಬ್ರವರೀಲಿ ಬಂಗಾಳಿ ನಾಯಕ ಶೇಖ್ ಮುಜೀಬ್ ಪೂರ್ವಕ್ಕೆ ಸ್ವಾಯತ್ತತೆ ಬೇಕು ಅಂತ ಆರು ಅಂಶಗಳ ಬೇಡಿಕೆ ಇಟ್ರು, ಅಯೂಬ್ ಅವರನ್ನ ಜೈಲಿಗೆ ಹಾಕಿ 1968ರಲ್ಲಿ ಭಾರತದ ಜೊತೆ ಸೇರಿ ದೇಶ ಒಡೆಯೋಕೆ ನೋಡಿದ್ರು ಅಂತ ಅಗರ್ತಲಾ ಪಿತೂರಿ ಕೇಸ್ ಜಡಿದ, ಅದರಿಂದ ಮುಜೀಬ್ ಬಂಗಾಳದ ಮನೆಮನೆಯ ಹೀರೋ ಆದ್ರು.

1968ರಲ್ಲಿ ಇನ್ನೊಂದು ತಮಾಷೆ. ಅಧಿಕಾರಕ್ಕೆ ಬಂದು ಹತ್ತು ವರ್ಷ ಆಯ್ತಲ್ಲ ಅಂತ ಅಭಿವೃದ್ಧಿ ದಶಕ ಅನ್ನೋ ಹೆಸರಲ್ಲಿ ವರ್ಷಪೂರ್ತಿ ಉತ್ಸವ, ಪೇಪರ್ ತುಂಬಾ ಸಪ್ಲಿಮೆಂಟು, ಎಲ್ಲಿ ನೋಡಿದ್ರೂ ಫೋಟೋ. ಅದೇ ಹೊತ್ತಿಗೆ ಸಕ್ಕರೆ ರೇಟು ಏರಿತು. ಖಾಯಿಲೆ ಬಿದ್ದು ಚೇತರಿಸ್ಕೊಳ್ತಿದ್ದ ಅಯೂಬ್‌ಗೆ ಕೆಳಗೆ ಏನಾಗ್ತಿದೆ ಅಂತ ಹೇಳೋರೂ ಇರ್ಲಿಲ್ಲ, ಪೇಪರ್‌ಗಳ ಬಾಯಿ ಅವನೇ ಹೊಲಿದಿದ್ದ. ನವೆಂಬರ್ 7ಕ್ಕೆ ರಾವಲ್ಪಿಂಡೀಲಿ ಪೊಲೀಸರ ಗುಂಡಿಗೆ ಒಬ್ಬ ವಿದ್ಯಾರ್ಥಿ ಬಲಿಯಾದ, ಅಲ್ಲಿಂದ ಹತ್ತಿದ ಬೆಂಕಿ ಆರಲಿಲ್ಲ. ಕಾಲೇಜು ಹುಡುಗರು, ಕಾರ್ಮಿಕರು, ವಕೀಲರು, ಗುಮಾಸ್ತರು, ಪೂರ್ವ ಪಶ್ಚಿಮ ಎರಡೂ ಕಡೆ. 1969ರ ಫೆಬ್ರವರೀಲಿ ಅಯೂಬ್ ಅಗರ್ತಲಾ ಕೇಸ್ ವಾಪಸ್ ತಗೊಂಡ, ಮುಂದಿನ ಚುನಾವಣೆಗೆ ನಿಲ್ಲಲ್ಲ ಅಂದ, ವಯಸ್ಕರಿಗೆಲ್ಲ ಓಟು, ಪಾರ್ಲಿಮೆಂಟರಿ ಪದ್ಧತಿ ಎಲ್ಲಾ ಕೊಡ್ತೀನಿ ಅಂದ. ಸೈನ್ಯದ ಕಡೆ ತಿರುಗಿ ನೋಡಿದ್ರೆ ಅವನೇ ನೇಮಿಸಿದ್ದ ಜನರಲ್ ಯಾಹ್ಯಾ ಖಾನ್ ಬೇರೇನೇ ಲೆಕ್ಕ ಹಾಕ್ತಿದ್ದ. 1969ರ ಮಾರ್ಚ್ 25ಕ್ಕೆ ರಾಜೀನಾಮೆ.

ಅವನದ್ದೇ 1962ರ ಸಂವಿಧಾನದ ಪ್ರಕಾರ ಪ್ರೆಸಿಡೆಂಟ್ ಹೋದ್ರೆ ಅಧಿಕಾರ ಸ್ಪೀಕರ್‌ಗೆ ಹೋಗ್ಬೇಕು. ಆಗ ಸ್ಪೀಕರ್ ಆಗಿದ್ದೋರು ಅಬ್ದುಲ್ ಜಬ್ಬಾರ್ ಖಾನ್, ಪೂರ್ವ ಪಾಕಿಸ್ತಾನದೋರು. ಅವರಿಗೆ ಕೊಡಲಿಲ್ಲ, ಯಾಹ್ಯಾಗೆ ಪತ್ರ ಬರೆದು ದೇಶ ನೀವೇ ನೋಡ್ಕೊಳ್ಳಿ ಅಂದ. ಪದಕಗಳ ಹೆಸರು ಸಮೇತ ತಾನೇ ಕೊಟ್ಟ ಸಂವಿಧಾನವನ್ನ ಮುರಿದ ಕೊನೇ ಮನುಷ್ಯ ತಾನೇ ಆದ. ಯಾಹ್ಯಾ ಕೈಯಲ್ಲಿ ಎರಡೂಮುಕ್ಕಾಲು ವರ್ಷಕ್ಕೆ ದೇಶಾನೇ ಎರಡಾಯ್ತು. 1972ರಲ್ಲಿ ಅಸ್ಮಾ ಜಿಲಾನಿ ಕೇಸಲ್ಲಿ ಸುಪ್ರೀಂ ಕೋರ್ಟು ದೋಸ್ಸೋ ತೀರ್ಪು ತಪ್ಪು ಅಂತ ಹೇಳ್ತು, ಯಾಹ್ಯಾ ಅಧಿಕಾರದಿಂದ ಇಳಿದು ಮನೇಲಿ ಕೂತ ಮೇಲೆ. ಅಯೂಬ್ 1974ರಲ್ಲಿ ತೀರ್ಕೊಂಡ, ರೆಹಾನಾದಲ್ಲೇ ಗೋರಿ.

ನಮ್ಮ ಕಡೆ ಯಾಕಾಗಲಿಲ್ಲ ಅನ್ನೋ ಪ್ರಶ್ನೆಗೆ ಈಗ ಉದ್ದ ಉತ್ತರ ಬೇಡ ಅನ್ಸುತ್ತೆ. ಸಂವಿಧಾನ 1950ಕ್ಕೇ ಬಂತು, 1951-52ರಲ್ಲಿ ಚುನಾವಣೆ ಮುಗೀತು, ಅವರಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ಆಗಿದ್ದು 1970ಕ್ಕೆ. ದೆಹಲೀಲಿ ಕಮಾಂಡರ್ ಇನ್ ಚೀಫ್ ಇರ್ತಿದ್ದ ಬಂಗಲೆ ಪ್ರಧಾನಿ ಮನೆಯಾಯ್ತು, 1955ರಲ್ಲಿ ಕಮಾಂಡರ್ ಇನ್ ಚೀಫ್ ಅನ್ನೋ ಹೆಸರನ್ನೇ ತೆಗೆದು ಭೂಸೇನೆ, ನೌಕಾಪಡೆ, ವಾಯುಪಡೆಯ ಮೂರು ಜನರನ್ನೂ ಬರೀ ಮುಖ್ಯಸ್ಥರು ಅಂತ ಮಾಡಿದ್ರು. ಕಾರ್ಯಪ್ಪನವರಿಗೆ ರಾಜಕೀಯ ಆಸಕ್ತಿ ಇರ್ಲಿಲ್ಲ ಅಂತ ಅಲ್ಲ, ಇತ್ತು, ಬಿಗಿ ಆಡಳಿತದ ಪರ ಮಾತಾಡಿ ವಿವಾದಾನೂ ಮಾಡ್ಕೊಂಡಿದ್ರು. ಆದ್ರೆ ಅವರಿಗೆ ತೆರೆದಿದ್ದ ಬಾಗಿಲು ಒಂದೇ, 1971ರಲ್ಲಿ ಮುಂಬೈ ಈಶಾನ್ಯ ಕ್ಷೇತ್ರದಿಂದ ಲೋಕಸಭೆಗೆ ನಿಂತ್ರು, ಎಲ್ಲರ ಥರ ಓಟು ಕೇಳಿದ್ರು, ಸೋತು ಮಡಿಕೇರಿಗೆ ವಾಪಸ್ ಬಂದ್ರು.

ಇನ್ನು ಅಯೂಬನ ಮನೆಯೋರು. ಮಗ ಗೌಹರ್ 1990ರಲ್ಲಿ ನ್ಯಾಷನಲ್ ಅಸೆಂಬ್ಲಿ ಸ್ಪೀಕರ್ ಆದ, ಅಪ್ಪ ಯಾವ ಖುರ್ಚಿಗೆ ಅಧಿಕಾರ ಕೊಡಲ್ಲ ಅಂದಿದ್ನೋ ಅದೇ ಖುರ್ಚಿ. ಮೊಮ್ಮಗ ಒಮರ್ ಅಯೂಬ್ 2024ರಲ್ಲಿ ವಿರೋಧ ಪಕ್ಷದ ನಾಯಕನಾಗಿ ಅದೇ ಸಭೇಲಿ ನಿಂತು ಸೈನ್ಯ ರಾಜಕೀಯದಿಂದ ದೂರ ಇರ್ಬೇಕು ಅಂತ ವಾದಿಸ್ತಿದ್ದ. ಎದುರಿಗಿದ್ದ ರಕ್ಷಣಾ ಮಂತ್ರಿ ಖ್ವಾಜಾ ಆಸಿಫ್ ಎದ್ದು, ಸಂವಿಧಾನ ಮುರಿದೋರಿಗೆ ಶಿಕ್ಷೆ ಅಂದ್ರೆ ನಿಮ್ಮ ತಾತನ ಗೋರಿಯಿಂದಾನೇ ಶುರು ಮಾಡೋಣ ಅನ್ನೋ ಅರ್ಥದಲ್ಲಿ ತಿರುಗಿಸಿ ಹೇಳ್ದ.